ಇಂದಿನ ಅಪಾಯ: ಮೂರು

"ಹೋಗಬೇಡ ಅಂತ ಒಂದು ಮಾತು ಹೇಳು, ಹೋಗಲ್ಲ," ಎಂದಳು ಲದೀನಾ, ಸ್ಕೀ ಬೂಟಿನ ಕೊಂಡಿ ಬಿಗಿಯುತ್ತ.

ಫ್ಲೂರಿನ್ ಕಾಫಿ ಲೋಟದೊಳಗೆ ನೋಡಿದ. "ಇವತ್ತಿನ ಅಪಾಯ ಮೂರು. ಉತ್ತರದ ಇಳಿಜಾರುಗಳಲ್ಲಿ ಎಚ್ಚರ ಬೇಕು."

"ಅದನ್ನ ಬೆಳಗ್ಗೇನೇ ಊರಿಗೆಲ್ಲ ಹೇಳಿದೀಯ. ನಾನು ನಿನ್ನ ಹೆಂಡ್ತಿ."

"ಹೋಗು, ಬೇಡ ಅನ್ನೋದು ನಮ್ಮ ಕೆಲಸ ಅಲ್ಲ. ಅವರವರೇ ತೀರ್ಮಾನ ಮಾಡ್ಬೇಕು."

"ನಮ್ಮ ಅಂದ್ರೆ? ಇಲ್ಲಿ ಕೂತಿರೋದು ನೀನೊಬ್ನೇ."

ಹೊರಗೆ ಗೈಡ್ ಕುರ್ದಿನ್ ಹಾರನ್ ಹೊಡೆದ. ಈ ಚಳಿಗಾಲದಲ್ಲಿ ಲದೀನಾಳೂ ಅವನೂ ಇಬ್ಬರೇ ಬೆಟ್ಟ ಹತ್ತುತ್ತಿರುವುದು ಇದು ಏಳನೆಯ ಸಲ. ಬೇಡವೆಂದರೆ, ನೀನು ಹೆದರಿದ್ದು ಹಿಮಕ್ಕೋ ಕುರ್ದಿನನಿಗೋ ಎಂದು ಕೇಳಿಯಾಳು. ಉತ್ತರ ಫ್ಲೂರಿನನಿಗೂ ಗೊತ್ತಿರಲಿಲ್ಲ. ಆಕ್ರೋಟಿನ ಕೇಕನ್ನು ಕಾಗದದಲ್ಲಿ ಸುತ್ತಿ ಕೈಗಿತ್ತ.

"ಎರಡು ತುಂಡು ಕಟ್ಟಿದೀಯಾ? ದೊಡ್ಡ ಮನಸ್ಸಪ್ಪ ನಿಂದು," ಎಂದು ಹೊರಟೇಹೋದಳು.

ಹನ್ನೆರಡು ವರ್ಷದಿಂದ ಅವನು ಕಣಿವೆಯ ಹಿಮ ಅಳೆದು, ಅದು ಕುಸಿಯುವ ಅಪಾಯಕ್ಕೆ ಒಂದರಿಂದ ಐದರೊಳಗಿನ ಒಂದು ಅಂಕಿ ಕೊಡುತ್ತಿದ್ದ. ನಾಲ್ಕೆಂದರೆ ಹೋಟೆಲಿನವರು ಮುಖ ತಿರುಗಿಸುತ್ತಿದ್ದರು. ಎರಡೆಂದ ದಿನ ಯಾರಾದರೂ ಸತ್ತರೆ ಹೆಸರು ಕೆಡುತ್ತಿತ್ತು. ಮೂರೆಂದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಜನ ಮಾತ್ರ ಹೆಚ್ಚಾಗಿ ಮೂರರ ದಿನವೇ ಸಾಯುತ್ತಿದ್ದರು.

ಹತ್ತು ಗಂಟೆಗೆ ಬೆಟ್ಟದ ಉತ್ತರ ಮಗ್ಗುಲಿನಲ್ಲಿ, ಹಿಮದ ಪರೀಕ್ಷೆಗೆಂದು ಎದೆಯಾಳದ ಗುಂಡಿ ತೋಡಿ ಮುಗಿಸಿದ್ದ. ಅದರ ಗೋಡೆಯಲ್ಲೊಂದು ಹಿಮದ ಕಂಬ ಕೊರೆದು, ಕಂಬದ ನೆತ್ತಿಗೆ ಸಲಿಕೆಯಿಟ್ಟ. ಮಣಿಕಟ್ಟಿನಿಂದ ಹತ್ತು ತಟ್ಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಎಷ್ಟನೆಯದಕ್ಕೆ ಕಂಬ ಮುರಿಯಿತೆಂದು ಬರೆದುಕೊಳ್ಳಬೇಕು; ಬೇಗ ಮುರಿದಷ್ಟೂ ಅಪಾಯ ಹೆಚ್ಚು. ಹೋದ ವಾರ ಇಪ್ಪತ್ತೆರಡಕ್ಕೆ ಮುರಿದಿತ್ತು.

ಇಂದು ಮೂರನೆಯ ತಟ್ಟಿಗೇ ಮುರಿಯಿತು. ರಾತ್ರಿಯ ಗಾಳಿ ಹೇರಿದ್ದ ಗಟ್ಟಿ ಹಿಮ, ಕೆಳಗಿನ ಸಕ್ಕರೆಯಂಥ ಪುಡಿಯ ಮೇಲಿಂದ ಸರಕ್ಕನೆ ಜಾರಿ ಅವನ ತೊಡೆಗೆ ಬಡಿಯಿತು.

ತಲೆಯೆತ್ತಿದ. ಕೊರಕಲಿನಾಚೆ, ಅದೇ ಮಗ್ಗುಲಿನ ದೊಡ್ಡ ಇಳಿಜಾರಿನ ಅಂಚಿನಲ್ಲಿ ಎರಡು ಚುಕ್ಕೆಗಳಿದ್ದವು. ಹಿಂದಿನದು ಕೆಂಪು. ಆ ಜಾಕೆಟ್ಟು ಅವನೇ ಕೊಡಿಸಿದ್ದು.

ಫೋನ್ ಮಾಡಿದ. ಅವಳದು ಬಂದ್ ಆಗಿತ್ತು. ಹಿಮದಲ್ಲಿ ಹೂತುಹೋದವರನ್ನು ಹುಡುಕುವ ಯಂತ್ರಕ್ಕೆ ತೊಂದರೆ, ಬೆಟ್ಟದಲ್ಲಿ ಫೋನ್ ಆರಿಸಿಡು ಎಂದು ಕಲಿಸಿದವನೂ ಅವನೇ.

ಕೂಗಿದರೆ ಕೇಳಿಸುವ ದೂರ. ಕೂಗಿಗೆ ಹಿಮ ಕುಸಿಯುವುದಿಲ್ಲ. "ಅದೆಲ್ಲ ಅಜ್ಜಿಕತೆ, ಎಷ್ಟು ಬೇಕಾದ್ರೂ ಅರಚ್ಕೊಳ್ಳಿ," ಎಂದು ಪ್ರತಿವರ್ಷ ಶಾಲೆಯ ಮಕ್ಕಳನ್ನು ನಗಿಸುತ್ತಿದ್ದ.

ಬಾಯಿ ತೆರೆದ. 'ಉತ್ತರದ ಇಳಿಜಾರುಗಳಲ್ಲಿ' ಎಂಬುದು ನಾಲಿಗೆಗೆ ಬಂತು. ಬೇಡ ಎಂಬುದು ಬರಲಿಲ್ಲ. ಅವನಿಗೆ ತನ್ನನ್ನು ಕಂಡೇ ಭಯವಾಯಿತು. ಉಸಿರಿನ ಹಬೆಯಷ್ಟೇ ಹೊರಬಂತು.

ಕೆಂಪು ಚುಕ್ಕೆ ನಿಂತಿತು. ತಿರುಗಿ ಅವನನ್ನು ಕಂಡಿರಬೇಕು. ಒಂದು ಗಳಿಗೆ ಕಾಯಿತು.

ಅವನು ಸಲಿಕೆ ಹಿಡಿದ ಕೈಯನ್ನು ತಲೆಯ ಮೇಲಕ್ಕೆತ್ತಿ ಜೋರಾಗಿ ಬೀಸಿದ. ಅಲ್ಲಿಂದ ನೋಡುವವರಿಗೆ ಅದು ಹೋಗಿ ಬಾ ಎಂದಂತೆ ಕಾಣುತ್ತದೆಂದು ಹೊಳೆದದ್ದು ಆಮೇಲೆ.

ಅವಳೂ ಕೋಲೆತ್ತಿ ಬೀಸಿದಳು. ಮತ್ತೆ ತಿರುಗಿ, ಬಿಳಿಯ ಮೇಲೆ ಮೊದಲ ಹೆಜ್ಜೆಯಿಟ್ಟಳು.

ಅವನ ಕೈ ಮೇಲೆಯೇ ಇತ್ತು.