ಹಿಂಡಿಗೆ ಕೇಳಬಾರದ ದನಿ

ಶೈಲಜಾಳ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ತಲ್‌ನಲ್ಲಿ ನನ್ನ ಬಗ್ಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ. ಆವತ್ತು ಆ ಕುರುಬರ ಹಟ್ಟಿಯ ಬೇವಿನ ಕಟ್ಟೆಯ ಮೇಲೆ ಕೂತಿದ್ದರೆ ಎಂಥ ತಣ್ಣನೆಯ ಮನುಷ್ಯನಿಗೂ ಪಿತ್ತ ನೆತ್ತಿಗೇರುತ್ತಿತ್ತು.

ತೆಲಂಗಾಣ ರಾಜ್ಯ ಆಗಿ ನಾಲ್ಕನೇ ವರ್ಷ ಅದು. ನಾನು ನಾರಾಯಣಪೇಟೆಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಮಕ್ತಲ್ ಸುತ್ತಿನ ಕುರುಬರ ಹಟ್ಟಿಗಳಲ್ಲಿ ಆಡುವುದು ಕನ್ನಡ. ಕುರಿಯ ರೋಗದ ಸುದ್ದಿ, ಮಳೆಯ ಸುದ್ದಿ ಬರುವುದು ಮಾತ್ರ ತೆಲುಗಿನಲ್ಲಿ, ಅದೂ ಪೇಪರಿನ ತೆಲುಗಿನಲ್ಲಿ. ಗಂಡಸರಾದರೋ ವರ್ಷದಲ್ಲಿ ಅರ್ಧ ಕಾಲ ಕುರಿ ಹೊಡೆದುಕೊಂಡು ಕೃಷ್ಣೆಯ ಆಚೆ ಗದ್ವಾಲ್, ಮಲ್ದಕಲ್ ಕಡೆ ಇರುತ್ತಾರೆ. ಅವರಿಗಾಗಿ ಒಂದು ಫೋನ್ ನಂಬರ್ ಮಾಡುವುದು ನಮ್ಮ ಕೆಲಸ. ಮಿಸ್ ಕಾಲ್ ಕೊಟ್ಟರೆ ಸಾಕು, ತಿರುಗಿ ಫೋನ್ ಬರುತ್ತದೆ. ಎಲ್ಲಿ ಯಾವ ರೋಗ ಬಿದ್ದಿದೆ, ಯಾವ ಹಳ್ಳದಲ್ಲಿ ನೀರಿದೆ, ಹಟ್ಟಿಯಲ್ಲಿ ಏನು ನಡೆದಿದೆ, ಎಲ್ಲ ಅವರ ಮಾತಿನಲ್ಲೇ ಕೇಳಿಸುತ್ತದೆ.

ಸುದ್ದಿ ಯಾವುದಿರಬೇಕು, ಎಷ್ಟುದ್ದ ಇರಬೇಕು, ಯಾರ ದನಿ ಇರಬೇಕು, ಇದನ್ನೆಲ್ಲ ಹಟ್ಟಿಯವರೇ ತೀರ್ಮಾನ ಮಾಡಬೇಕು, ನಾವು ಬಾಯಿ ಹಾಕಬಾರದು ಎನ್ನುವುದು ನಮ್ಮ ಮುಖ್ಯಸ್ಥರಾದ ಗುರುಪ್ರಸಾದ ಸರ್ ಅವರ ಪಾಠ. ಒಳ್ಳೆಯ ಮನುಷ್ಯ. ಇರುವೆಗೂ ದಾರಿ ಬಿಟ್ಟು ನಡೆಯುವವರು. ಅವರು ಮಾದರಿಗೆಂದು ಬರೆದು ತಂದ ಮೊದಲ ಸುದ್ದಿಯನ್ನು ಕಟ್ಟೆಯ ಮೇಲೆ ಓದಿದಾಗ ಪೆಂಟಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಸರ್, ಇದು ಸುದ್ದಿ ಅಲ್ರಿ. ಮದುವಿ ಪತ್ರಿಕಿ ಓದಿದಂಗ ಆತು."

ಪೆಂಟಮ್ಮನಿಗೆ ಐವತ್ತರ ಆಸುಪಾಸು. ಬಾಯಿ ಜೋರು, ದನಿ ಅದಕ್ಕಿಂತ ಜೋರು. ಹಟ್ಟಿಯ ಈ ತುದಿಯಲ್ಲಿ ನಿಂತು ಆ ತುದಿಯವರನ್ನು ಬೈಯಬಲ್ಲ ಹೆಂಗಸು. ತಿಂಗಳುಗಟ್ಟಲೆ ನಮ್ಮ ಜೊತೆ ಕೂತು ಆ ನಂಬರಿಗೆ ಆಕಾರ ಕೊಟ್ಟವಳು ಅವಳೇ. ಮೊದಲು ರೋಗದ ಸುದ್ದಿ, ಆಮೇಲೆ ನೀರಿನದು, ಕಡೆಗೆ ಮನೆಗಳದು ಎಂದು ಸಾಲು ಹಚ್ಚಿದವಳೂ ಅವಳೇ. ಮನೆಗಳ ಸುದ್ದಿಯಲ್ಲಿ ಅತ್ತೆ ಸೊಸೆಯರ ಜಗಳವನ್ನೂ ಸೇರಿಸಲೇಬೇಕು ಎಂದು ಹಟ ಹಿಡಿದಿದ್ದಳು. ಅದೊಂದನ್ನು ಉಳಿದ ಹೆಂಗಸರು ಒಪ್ಪಲಿಲ್ಲ.

ಗಂಡಸರು ಕುರಿಯೊಂದಿಗೆ ಹೊರಡುವ ಮುಂಚೆ ದನಿ ಯಾರದೆಂದು ಆರಿಸಲು ಎಲ್ಲರೂ ಸೇರಿದರು. ಹೆಂಗಸರೆಲ್ಲ ಪೆಂಟಮ್ಮನ ಕಡೆ ನೋಡಿದರು. ಆಗ ಹಟ್ಟಿಯ ಹಿರಿಯ ಉರುಕುಂದಪ್ಪ ಗಂಟಲು ಸರಿಮಾಡಿಕೊಂಡರು.

"ಪೆಂಟಮ್ಮ ಬ್ಯಾಡ್ರಿ. ಮುಂಜಾನೆದ್ದು ಫೋನ್ ಹಚ್ಚಿದ್ರ ಕುರಿ ಹಿಂಡಿಗೂ ಕೇಳೋ ದನಿ ಅದು. ತಿಳಕೋರಿ."

ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಪೆಂಟಮ್ಮನ ಗಂಡ ಸಾಯಣ್ಣ ಹಿಂದಿನ ವರ್ಷ ತೀರಿಕೊಂಡಿದ್ದ. ಗಂಡ ಸತ್ತವಳು ಹಿಂಡಿನ ಎದುರಿಗೆ ಬರಬಾರದು, ಕುರಿ ಕರೆಯಬಾರದು, ಕುರಿ ಹೊರಡುವ ದಿನ ಬಾಗಿಲು ಹಾಕಿಕೊಂಡು ಒಳಗಿರಬೇಕು. ಬಂದರೆ ಹಿಂಡಿಗೆ ಕೇಡು. ಇದು ಆ ಹಟ್ಟಿಯ ರೂಢಿ.

ಗುರುಪ್ರಸಾದ ಸರ್ ಪೆಂಟಮ್ಮ, ಅವಳ ಸೊಸೆ ರಜಿತಾ, ಇಬ್ಬರ ಚಿತ್ರ ಇಟ್ಟು ಮತಕ್ಕೊಂದರಂತೆ ಹರಳು ಹಾಕಿಸಿದರು. ಪೆಂಟಮ್ಮನ ಚಿತ್ರದ ಮೇಲೆ ಒಂದೂ ಬೀಳಲಿಲ್ಲ. ಎಲ್ಲ ಹರಳೂ ರಜಿತಾಳಿಗೆ ಬಿದ್ದವು. ಪೆಂಟಮ್ಮನೂ ತನ್ನದನ್ನು ಅಲ್ಲೇ ಹಾಕಿದಳು.

"ಅವರ ತೀರ್ಮಾನ, ಶೈಲಜಾ," ಎಂದರು ಸರ್, ಜೀಪಿನಲ್ಲಿ.

"ಅವರು ಅಂದ್ರ ಯಾರ್ರಿ ಸರ್? ಪೆಂಟಮ್ಮ ಅವರೊಳಗ ಬರಂಗಿಲ್ಲೇನು?"

ಅವರು ಕಿಟಕಿಯ ಹೊರಗೆ ನೋಡತೊಡಗಿದರು.

ಕುರಿ ಹೊರಟವು. ಪೆಂಟಮ್ಮನ ಹಿಂಡಿನ ಜೊತೆ ಮಗ ಹನುಮಂತು ಹೋದ, ಉರುಕುಂದಪ್ಪನವರೂ ತಮ್ಮ ಕುರಿ ಹೊಡೆದುಕೊಂಡು ಅದೇ ದಾರಿ ಹಿಡಿದರು. ವಾರಕ್ಕೊಮ್ಮೆ ನಾನು ಹಟ್ಟಿಗೆ ಹೋಗಿ ಸುದ್ದಿಯನ್ನು ಫೋನಿನಲ್ಲಿ ತುಂಬಿಕೊಂಡು ಬರುತ್ತಿದ್ದೆ. ಪೆಂಟಮ್ಮನ ಮನೆಯಲ್ಲಿ ಕಂಬಳಿ ಇಳಿಬಿಟ್ಟು ಮರೆ ಮಾಡಿ, ಒಳಗೆ ರಜಿತಾಳನ್ನು ಕೂಡಿಸುತ್ತಿದ್ದೆವು. ಮಾತೆಲ್ಲ ಪೆಂಟಮ್ಮನದು, ದನಿ ರಜಿತಾಳದು. ಪಾಪದ ಹುಡುಗಿ. ಅತ್ತೆ ಒಂದೊಂದೇ ಸಾಲು ಪಿಸುಗುಟ್ಟುತ್ತಿದ್ದಳು, ಇವಳು ಅದನ್ನು ಒಪ್ಪಿಸುತ್ತಿದ್ದಳು.

ಒಂದು ದಿನ ನಾನು ತಡೆಯಲಾರದೆ ಕೇಳಿದೆ. "ನಿಮಗ ಏನೂ ಅನ್ಸಂಗಿಲ್ಲೇನವ್ವ?"

"ಅನ್ಸದ ಏನು?" ಹೊಲಸಾದ ಮರಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಒರೆಸುತ್ತಿದ್ದಳು. ಕಾಲು ಮುರಿದಿದೆ ಎಂದು ಹಿಂಡು ಬಿಟ್ಟುಹೋದ ಮರಿ. "ಗಂಡ ಹೋದಾಗ ಅತ್ತು ಕರದೆ, ಅದು ಎಲ್ಲರಿಗೂ ಇದ್ದದ್ದ. ಆಮ್ಯಾಲ ಕುರಿ ಹೊಂಟಾಗ ಒಳಗ ಕುಂದ್ರು ಅಂದ್ರಲ್ಲ, ಅದು ಎದಿಗಿ ಭಾರ ಆತು ನೋಡ್ರಿ. ತಾಯಿ ಸತ್ತ ಮರಿಗಿ ಬಟ್ಟಿ ಅದ್ದಿ ಹಾಲು ಕುಡಿಸಿ ದೊಡ್ಡವು ಮಾಡೀನಿ. ಕರಿಕಿವಿ ಅಂತ ಒಂದೈತಿ, ಅದು ನನ್ನ ಹಾಸಿಗ್ಯಾಗ ಮಲಗಿದ್ದು. ದಿನಾ ಕರಿಯೋ ದನಿ ಒಂದಿನ ನಿಂತುಬಿಟ್ರ ಅವಕ್ಕ ಏನ್ ತಿಳೀಬೇಕು? ಗಂಡನ ಸಂಗಾಟ ನಾನೂ ಸತ್ತೀನಿ ಅಂತ ತಿಳಿದಾವ."

ಸಿಟ್ಟು ಬರುವ ಕಡೆ ಅಳು ಬಂದರೆ ಏನು ಮಾಡಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆವತ್ತು ರಜಿತಾ ಸುದ್ದಿ ಮುಗಿಸುವ ಹೊತ್ತಿಗೆ ಆ ಮರಿ ಕುಂಟುತ್ತಲೇ ಅಂಗಳ ದಾಟಿ ಹೊರಟಿತು. ಪೆಂಟಮ್ಮ ಎಲ್ಲವನ್ನೂ ಮರೆತು, ನಾಲಿಗೆ ಲೊಚಗುಟ್ಟಿ, ಉದ್ದಕ್ಕೆ ದನಿ ಎಳೆದು ಅದನ್ನು ಕರೆದಳು. ಹಳೆಯ ಕರೆ. ಅದು ಪೂರ್ತಿಯಾಗಿ ಫೋನಿನಲ್ಲಿ ತುಂಬಿಕೊಂಡಿತು. ಕಚೇರಿಗೆ ಬಂದು ಕೇಳಿದೆ. ಬೇಡದ ಸದ್ದು ಕತ್ತರಿಸುವುದು ನನ್ನ ಕೆಲಸವೇ. ಕತ್ತರಿಸಲಿಲ್ಲ. ಬಾಯಿ ಹಾಕಬಾರದು ಎಂದವರು ಸರ್ ತಾನೇ? ನಾನು ಹಾಕಲಿಲ್ಲ.

ಮರುದಿನ ಬೇಕೆಂದೇ ಹಟ್ಟಿಗೆ ಹೋಗಿ ಕೂತೆ. ಮಧ್ಯಾಹ್ನ ಹನುಮಂತನ ಫೋನ್ ಬಂತು. ರಜಿತಾ ಸ್ಪೀಕರ್ ಹಾಕಿದಳು.

"ಅವ್ವ, ಮಲ್ದಕಲ್ ದಾಟಿ ಜ್ವಾಳದ ಕೂಳಿ ಹೊಲದಾಗ ಕುರಿ ಬಿಟ್ಟಿದ್ವಿ," ಎಂದ ಹನುಮಂತು, ಏದುಸಿರು ಬಿಡುತ್ತ. "ಉರುಕುಂದಪ್ಪ ಕಾಕಾ ಸುದ್ದಿ ಹಚ್ಚು ಅಂದ್ರು. ಎಲ್ರಿಗೂ ಕೇಳ್ಲಿ ಅಂತ ಜೋರು ಇಟ್ಟೆ. ಕಡೀಕ ನಿನ್ನ ದನಿ ಬಂತು. ಕುರಿ ಎಲ್ಲಾ ತೆಲಿ ಎತ್ತಿದ್ವು. ಮೇಯೋದು ಬಿಟ್ಟು ಓಡಿ ಬಂದ್ವು. ನಾವು ತ್ವಾಳ ಬಿತ್ತೇನೋ ಅಂತ ಬಡಿಗಿ ತಗೊಂಡ್ವಿ. ಬಂದಾವ ಬಂದಾವ, ಫೋನಿನ ಸುತ್ತ ನಿಂತು ವದರಾಕ ಹತ್ಯಾವ. ಕಾಕಾನ ಕೆಡವ್ಯಾವ."

ಪೆಂಟಮ್ಮ ಫೋನಿನತ್ತ ಬಾಗಿದಳು. "ಕರಿಕಿವಿ ಬಂತೇನು?"

"ಮೊದಲು ಬಂದದ್ದ ಅದು."

ಅವಳು ಅಲ್ಲೇ ಕುಸಿದು ಕೂತು, ಮುಖಕ್ಕೆ ಸೆರಗು ಹಾಕಿಕೊಂಡು ಅತ್ತಳು. ರಜಿತಾ ಅತ್ತೆಯ ಬೆನ್ನು ಸವರುತ್ತ ತಾನೂ ಅತ್ತಳು. ನನ್ನದೇನು ಕೇಳುತ್ತೀರಿ.

ಸಂತೋಷ ಬಹಳ ದಿನ ಉಳಿಯಲಿಲ್ಲ. ಅದೇ ವಾರ ಹಿಂಡಿನಲ್ಲಿ ಒಂದು ಮರಿ ಸತ್ತಿತು. ನಂಬರ್ ಬಂದ್ ಮಾಡ್ರಿ ಎಂದು ಉರುಕುಂದಪ್ಪ ಹೇಳಿ ಕಳಿಸಿದರು. ಗುರುಪ್ರಸಾದ ಸರ್ ನನ್ನನ್ನು ಕರೆದು ಪೆಂಟಮ್ಮನ ಕರೆ ಸುದ್ದಿಯಲ್ಲಿ ಹೇಗೆ ಉಳಿಯಿತು ಎಂದು ಕೇಳಿದರು. ನಾನೇ ಉಳಿಸಿದೆ ಎಂದೆ. ಅವರು ಬೈಯಲಿಲ್ಲ, ಕನ್ನಡಕ ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ನಾಲ್ಕು ಮಾತಾಡುತ್ತಿದ್ದೆ.

ಉಣ್ಣೆ ಕತ್ತರಿಸಲು ಹಿಂಡುಗಳು ಊರಿಗೆ ಬಂದಾಗ ಮತ್ತೆ ಕಟ್ಟೆಯ ಮೇಲೆ ಸೇರಿದೆವು. ನಂಬರ್ ಇರಬೇಕೋ ಬೇಡವೋ ಎನ್ನುವುದೇ ಮಾತು. ಪೆಂಟಮ್ಮ ಈ ಸಲ ಹೆಂಗಸರ ಹಿಂದೆ ಕೂಡಲಿಲ್ಲ, ಎದ್ದು ನಿಂತಳು.

"ಹೋದ ಸಲ ಹರಳು ಹಾಕಿದಾಗ ನಾನೂ ರಜಿತಾನ ಮ್ಯಾಲ ಹಾಕಿದೆ. ನೀವು ನನ್ನ ಸತ್ತವರ ಲೆಕ್ಕದಾಗ ಇಟ್ರಿ, ನಾನೂ ಖರೆ ಅಂತ ನಂಬಿದೆ. ಕುರಿ ನಂಬಿಲ್ಲ. ಇನ್ನ ಮ್ಯಾಲ ನನ್ನ ದನಿ ನಾನ ಕೊಡ್ತೀನಿ. ಕುರಿ ಹೊಂಟ ದಿನ ಎದುರಿಗೂ ಬರ್ತೀನಿ."

"ಮರಿ ಸತ್ತದ್ದು?" ಎಂದು ಯಾರೋ ಗೊಣಗಿದರು.

"ರಜಿತಾನ ದನಿ ಇದ್ದಾಗೂ ಸತ್ತಾವ," ಎಂದ ಹನುಮಂತು. "ಆವಾಗ ಯಾರನ್ನ ಒಳಗ ಕುಂದ್ರಿಸಿದ್ರಿ?"

ಎಲ್ಲರೂ ಉರುಕುಂದಪ್ಪನವರ ಕಡೆ ನೋಡಿದರು. ಅವರು ಎದ್ದು ಕಂಬಳಿ ಕೊಡವಿ ಮನೆಯ ಕಡೆ ನಡೆದುಬಿಟ್ಟರು. ಮುಗಿಯಿತು ಎಂದುಕೊಂಡೆ. ನಾನು ಬಾಯಿ ತೆರೆಯುವುದರಲ್ಲಿದ್ದೆ, ಸರ್ ನನ್ನ ಕೈ ಒತ್ತಿದರು.

ಸ್ವಲ್ಪ ಹೊತ್ತಿಗೆ ಉರುಕುಂದಪ್ಪ ತಿರುಗಿ ಬಂದರು. ಹಿಂದೆ ಒಬ್ಬ ಹುಡುಗಿ, ಹೆಚ್ಚೆಂದರೆ ಇಪ್ಪತ್ತೆರಡರವಳು, ತಲೆ ತಗ್ಗಿಸಿಕೊಂಡು ಬರುತ್ತಿದ್ದಳು. ಬರಿ ಹಣೆ. ಅವರ ಮಗಳು ಮಾಳಮ್ಮ ಎಂದು ರಜಿತಾ ನನ್ನ ಕಿವಿಯಲ್ಲಿ ಹೇಳಿದಳು. ವಡ್ಡೆಪಲ್ಲಿಗೆ ಕೊಟ್ಟಿದ್ದರಂತೆ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳಂತೆ. ತಿಂಗಳುಗಟ್ಟಲೆ ಆ ಹಟ್ಟಿಗೆ ಓಡಾಡಿದ ನಾನಾಗಲಿ ಸರ್ ಆಗಲಿ ಅವಳ ಮುಖವನ್ನೇ ನೋಡಿರಲಿಲ್ಲ.

"ಆವತ್ತು ಕುರಿ ಓಡಿ ಬಂದದ್ದು ಕಣ್ಣಾರೆ ನೋಡೀನಿ. ಆವತ್ತಿಂದ ನನಗ ಕೂಳು ಸೇರವಲ್ದು ಪೆಂಟಮ್ಮ," ಎಂದರು ಉರುಕುಂದಪ್ಪ. "ಈಕೀನೂ ನಿನ್ನ ಬಾಜೂಕ ಕುಂದ್ರಿಸ್ಕೊ. ಎರಡು ವರ್ಷ ಆತು, ಮನ್ಯಾಗ ಈಕಿ ಬಾಯಿ ಬಿಟ್ಟಿಲ್ಲ."

ಪೆಂಟಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಮಾಳಮ್ಮ ಕೂತಳು. ನನ್ನ ಕೈಯಲ್ಲಿದ್ದ ಫೋನನ್ನೇ ಅವಳು ನೋಡುತ್ತಿದ್ದು, ಆಮೇಲೆ ಕೇಳಿಯೂ ಕೇಳದಷ್ಟು ಮೆಲ್ಲಗೆ ಕೇಳಿದಳು.

"ನನ್ನ ದನಿ ನಮ್ಮ ಕುರಿಗೂ ಕೇಳಸ್ತದೇನ್ರಿ ಅಕ್ಕ?"