ತೊರೆಯವರೆಗೆ

"ತೊರೆ ತನಕ ಮಾತ್ರ. ಆಮೇಲೆ ನಡ್ಕೊಂಡು ವಾಪಸ್. ಕೇಳಿಸ್ತಾ?"

ತಾದೆಸೆ ಮೇಷ್ಟ್ರು ಹೀಗೆ ಕೇಳುತ್ತಿದ್ದುದು ಮೂರನೇ ಸಲ. ವರ್ಕಿನೆಶ್ ಶೂ ದಾರ ಬಿಗಿಯುತ್ತಾ, "ಮುರಿದದ್ದು ಕಾಲು ಮೇಷ್ಟ್ರೇ, ಕಿವಿ ಅಲ್ಲ," ಎಂದಳು.

ಹುಡುಗಿಯರು ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ. ಮೊಣಕಾಲ ಕೆಳಗಿನ ನೋವನ್ನು ಯಾರಿಗೂ ಹೇಳದೆ ಹಲ್ಲು ಕಚ್ಚಿಕೊಂಡು ಓಡಿದವಳು ಇವಳೇ. ಗಟ್ಟಿಗಿತ್ತಿ ಎಂದು ಎಲ್ಲರೆದುರು ಬೆನ್ನು ತಟ್ಟಿದವರು ಅವರೇ. ಅದಾದ ಕೆಲವೇ ದಿನಕ್ಕೆ ಮೂಳೆ ಬಿರುಕು ಬಿಟ್ಟಿತು. ಇನ್ನೊಮ್ಮೆ ಬಿಟ್ಟರೆ ಓಟದ ಆಸೆ ಮರೆತುಬಿಡು ಎಂದು ಡಾಕ್ಟರು ಹೇಳಿಯಾಗಿದೆ. ಶನಿವಾರ ಅಡಿಸ್ ಅಬಾಬಾದ ಓಟಕ್ಕೆ ತಂಡ ಆರಿಸುತ್ತಾರೆ ಎನ್ನುವುದು ಮಾತ್ರ ಅವಳ ತಲೆಯಿಂದ ಇಳಿಯುತ್ತಿಲ್ಲ.

ನೀಲಗಿರಿ ಮರಗಳ ನಡುವೆ ಸಾಲು ಹೊರಟಿತು. ಇಥಿಯೋಪಿಯಾದ ಅರ್ಸಿ ಬೆಟ್ಟಗಳ ಈ ಎತ್ತರದಲ್ಲಿ ಒಬ್ಬರೇ ಓಡುವುದನ್ನು ಯಾರೂ ಓಟ ಎನ್ನುವುದಿಲ್ಲ. ಮುಂದಿನವಳ ಹೆಜ್ಜೆ ಎದ್ದಲ್ಲಿ ಹಿಂದಿನವಳ ಹೆಜ್ಜೆ ಬೀಳಬೇಕು. ಗೆಲಾನೆಯ ಬೆನ್ನ ಹಿಂದಿನ ಜಾಗ ವರ್ಕಿನೆಶಳದು. ಮೂಳೆ ಕೂಡುವ ತನಕ ಚಿಕ್ಕಮ್ಮನ ಒಲೆಯ ಮುಂದೆ ದೋಸೆಯಂಥ ಇಂಜೆರಾ ಹುಯ್ಯುತ್ತಾ ಕುಳಿತ ಅಷ್ಟೂ ತಿಂಗಳು, ಬೆಳಗಾದರೆ ಬೀದಿಯಲ್ಲಿ ಈ ಕಾಲ ಸಪ್ಪಳ ಹಾದುಹೋಗುವಾಗ, ಅವಳು ಹಂಬಲಿಸಿದ್ದು ಗೆಲಾನೆಯ ಆ ಒಡೆದ ಹಿಮ್ಮಡಿಗಳಿಗಾಗಿ. ಪದಕ ಗಿದಕವೆಲ್ಲ ಆಮೇಲೆ.

ತೊರೆ ಬಂದೇಬಿಟ್ಟಿತು. ಉಸಿರು ಹದವಾಗಿತ್ತು. ಕಾಲು ಒಂದಿಷ್ಟೂ ನೋಯುತ್ತಿರಲಿಲ್ಲ. ನೋವಾದರೂ ಇದ್ದಿದ್ದರೆ ನಿಲ್ಲಲು ಒಂದು ನೆಪ ಸಿಗುತ್ತಿತ್ತು.

"ಮೇಷ್ಟ್ರು ಗುಡ್ಡದ ಆಚೆ ಇದ್ದಾರೆ ಕಣೇ, ಕಾಣಲ್ಲ," ಎಂದಳು ಗೆಲಾನೆ, ತಿರುಗದೆಯೇ. "ಪೂರ್ತಿ ಓಡಿಬಿಡು. ಶನಿವಾರ ಇವಳನ್ನೂ ಸೇರಿಸಿಕೊಳ್ಳಿ ಅಂತ ನಾನೇ ಹೇಳ್ತೀನಿ."

"ಹೇಳ್ತೀಯ ಹೇಳ್ತೀಯ. ಮುರಿಯೋದು ನಿನ್ನ ಕಾಲಲ್ವಲ್ಲ!"

"ಬಾರೇ, ಪುಕ್ಕಲಿ!"

ಪುಕ್ಕಲಿ! ಆ ಮಾತು ಚುರುಕ್ಕೆಂದಿತು. ಅಳು ಬರುವಷ್ಟು ಆಸೆಯೂ ಆಯಿತು. ನೀರಿಗೆ ಕಾಲಿಡುವ ಮುಂಚೆ ವರ್ಕಿನೆಶ್ ಪಕ್ಕದ ಹುಲ್ಲಿಗೆ ಸರಿದು ನಿಂತುಬಿಟ್ಟಳು.

ಅವಳ ಹಿಂದಿದ್ದ ಬೊಂತು ಒಂದು ಕ್ಷಣವೂ ತಡೆಯದೆ ಮುಂದೆ ಬಂದು ಆ ಜಾಗ ತುಂಬಿದಳು. ತುಂಬಲೇಬೇಕು, ಸಾಲು ಮುರಿಯಬಾರದು. ಅದರಲ್ಲಿ ಯಾರ ತಪ್ಪೂ ಇಲ್ಲ.

ನೀರು ಚಿಮ್ಮಿಸುತ್ತಾ ಎಲ್ಲರೂ ದಾಟಿ ಮರಗಳಲ್ಲಿ ಮರೆಯಾದರು. ದಾರಿಯಲ್ಲಿ ಕಲ್ಲೋ ಬೇರೋ ಕಂಡರೆ ತಪ್ಪಿಸಿ ಓಡು ಎಂದು ಮುಂದಿನವಳು ಹಿಂದಿನವಳಿಗೆ ಚಿಟಿಕೆ ಹೊಡೆಯುವುದು ರೂಢಿ. ಆಚೆ ದಡದಿಂದ ಗೆಲಾನೆಯ ಚಿಟಿಕೆ ಕೇಳಿಸಿತು.

ವರ್ಕಿನೆಶಳ ಬಲಗಾಲು ತಾನಾಗಿ ಪಕ್ಕಕ್ಕೆ ಸರಿಯಿತು. ಅಲ್ಲಿ ಬರೀ ಹುಲ್ಲಿತ್ತು.