ಡಿಕ್ಕಿ ಇರುವ ಕಾರು

ಹಿಂದಕ್ಕೆ ಚಾಚಿದ ಡಿಕ್ಕಿ ಇಲ್ಲದ ಗಾಡಿಯನ್ನು ಕಾರು ಎಂದು ಕರೆಯಲು ರಸೂಲ್ ಸಾಬರಿಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಅದರ ಬೆಲೆ ಎಷ್ಟೇ ಇರಲಿ, ಅವರ ಲೆಕ್ಕದಲ್ಲಿ ಅದು ಜೀಪು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮೂವತ್ತೊಂದು ವರ್ಷ ಬಿಳಿ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದ ಮನುಷ್ಯ. ಕಾರಿನ ವಿಷಯದಲ್ಲಿ ಅವರಿಗೆ ಎದುರಾಡುವ ಗಂಡೆದೆ ಆ ಬೀದಿಯಲ್ಲಿ ಇದ್ದದ್ದು ಒಬ್ಬರಿಗೇ, ಅವರ ಮಗಳು ಆಯೆಷಾಗೆ.

ಆಯೆಷಾ ಶಿವಮೊಗ್ಗದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ದಿನಾ ಬಸ್ಸಿನಲ್ಲಿ ನೇತಾಡಿ ಸಾಕಾಗಿ ಈ ವರ್ಷ ಕಾರು ಕೊಳ್ಳಲು ಹೊರಟಿದ್ದಳು. ಅವಳ ಕಣ್ಣು ಎತ್ತರದ ಎಸ್‌ಯುವಿ ಮೇಲೆ. ದಾರಿಯಲ್ಲಿ ಸಿಗುವ ಮಲವಗೊಪ್ಪದ ರಸ್ತೆ ಹಂಪುಗಳಿಗೆ ತಳ ಉಜ್ಜುವುದಿಲ್ಲ, ಮುಂದಿನ ರಸ್ತೆ ಚೆನ್ನಾಗಿ ಕಾಣುತ್ತದೆ ಎಂಬುದು ಅವಳ ವಾದ. ಸಾಬರದು ಒಂದೇ ಹಟ, ಡಿಕ್ಕಿ ಇರುವ ಸೆಡಾನ್. ಹದಿನೈದು ದಿನದಿಂದ ಊಟಕ್ಕೆ ಕೂತಾಗಲೆಲ್ಲ ಇದೇ ಜಟಾಪಟಿ.

ಹಟಕ್ಕೆ ಕಾರಣವಿತ್ತು. ಆ ಅಂಬಾಸಿಡರಿನ ಡಿಕ್ಕಿಯಲ್ಲಿ ಊರಿನ ಎಷ್ಟೋ ಮದುವಣಗಿತ್ತಿಯರ ಟ್ರಂಕುಗಳು ಹೋಗಿದ್ದವು, ಹಿಂದಿನ ಸೀಟಿನಲ್ಲಿ ಎಷ್ಟೋ ಬಸುರಿಯರು ಶಿವಮೊಗ್ಗದ ಆಸ್ಪತ್ರೆ ಮುಟ್ಟಿದ್ದರು. ಯಾರೇ ಹತ್ತಲಿ ಇಳಿಯಲಿ, ಸಾಬರು ತಾವೇ ಬಾಗಿಲು ತೆಗೆದು ಅದರ ಮೇಲಂಚಿನ ಕೆಳಗೆ ಅಂಗೈ ಹಿಡಿಯುತ್ತಿದ್ದರು. ತಲೆ ತಾಗಿದರೆ ಅಂಗೈಗೆ ತಾಗಬೇಕು, ತಗಡಿಗಲ್ಲ. ತಮ್ಮ ಮದುವೆಯ ದಿನವೂ ಹಾಗೆಯೇ ಹಿಡಿದಿದ್ದರು. ಹೆಂಡತಿ ಹಾಜರಾಳ ತಲೆ ಮೇಲಿನ ಸೆರಗಿನ ಪಿನ್ನು ಅಂಗೈಗೆ ಚುಚ್ಚಿ ರಕ್ತ ಬಂದಿತ್ತು. ಆ ಕಾರು ಗುಜರಿಗೆ ಹೋಗಿ ಒಂಬತ್ತು ವರ್ಷ, ಹಾಜರಾ ತೀರಿಕೊಂಡು ನಾಲ್ಕು ವರ್ಷ. ಎರಡರಲ್ಲಿ ಯಾವುದನ್ನು ನೆನೆಯುತ್ತಿದ್ದೇನೆಂದು ಒಮ್ಮೊಮ್ಮೆ ಅವರಿಗೇ ತಿಳಿಯುತ್ತಿರಲಿಲ್ಲ.

ಇನ್ನೊಂದು ಕಾರಣವೂ ಇತ್ತು, ಅದನ್ನು ಅವರು ಬಾಯಿ ಬಿಟ್ಟು ಹೇಳಿರಲಿಲ್ಲ. ಮಂಡಿ ಸವೆದಿತ್ತು. ಎತ್ತರದ ಗಾಡಿ ಬಂದರೆ ತಮ್ಮನ್ನು ಮೂಟೆಯ ಹಾಗೆ ಎತ್ತಿ ಹಾಕಬೇಕಾಗುತ್ತದೆ ಎಂಬ ಭಯ. ಊರನ್ನೇ ಹತ್ತಿಸಿ ಇಳಿಸಿದ ತಾವು ಮಗಳ ಕೈಯಲ್ಲಿ ಹೊರೆಯಾಗುವುದಕ್ಕಿಂತ ಮನೆಯಲ್ಲೇ ಕೂರುವುದು ಮೇಲು ಎಂದುಕೊಂಡಿದ್ದರು.

ಕೊನೆಗೆ ಆಯೆಷಾ ಸೋತಳು. ಸೆಡಾನೇ ಆಗಲಿ, ನೀವೇ ಬಂದು ಆರಿಸಿ ಎಂದು ಶನಿವಾರ ಶಿವಮೊಗ್ಗದ ಶೋರೂಮಿಗೆ ಕರೆದೊಯ್ದಳು. ಸಾಬರು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು ಹೊರಟರು.

ಶೋರೂಮಿನ ಹುಡುಗಿ ಮಂಜುಶ್ರೀ ಸೆಡಾನಿನ ಬಾಗಿಲು ತೆರೆದಳು. ಸಾಬರು ಠೀವಿಯಿಂದ ಒಳಗೆ ಬಗ್ಗಿದರು, ಹಣೆ ತಗಡಿಗೆ ಬಡಿಯಿತು. ಕೂತರೆ ಸೀಟು ಕೆಳಗೆ, ಇನ್ನೂ ಕೆಳಗೆ. ಡಿಕ್ಕಿ ಇರುವ ಕಾರೆಲ್ಲ ಅಂಬಾಸಿಡರಿನಂತೆಯೇ ಎಂದು ಅವರು ನಂಬಿಕೊಂಡಿದ್ದರು. ಅದರಲ್ಲಿ ಕುರ್ಚಿಯಲ್ಲಿ ಕೂತಂತೆ ಕೂರಬಹುದಿತ್ತು, ಇದರಲ್ಲಿ ನೆಲದ ಮೇಲೆ ಕೂತಂತಾಯಿತು. ಏಳಲು ಹೋದರೆ ಮಂಡಿ ಕೇಳಲಿಲ್ಲ. ಮೂರನೆಯ ಸಲ ಬಾಗಿಲನ್ನು ತಬ್ಬಿಕೊಂಡು ಹೇಗೋ ಎದ್ದು ನಿಂತರು. ಮಂಜುಶ್ರೀ ಚಾಚಿದ ಕೈಯನ್ನು ಮಾತ್ರ ಹಿಡಿಯಲಿಲ್ಲ. ಅವಮಾನದಿಂದ ಕಿವಿ ಬಿಸಿಯಾಗಿತ್ತು, ಯಾಕಾದರೂ ಬಂದೆನೋ ಅನ್ನಿಸಿತ್ತು.

ಆಯೆಷಾ ಪಕ್ಕದಲ್ಲಿದ್ದ ಎಸ್‌ಯುವಿ ತೋರಿಸಿ ಮೆಲ್ಲಗೆ ಹೇಳಿದಳು, "ಅಬ್ಬಾ, ಆ ಜೀಪಲ್ಲೂ ಒಂದ್ಸಲ ಕೂತು ನೋಡಿ. ಬೇಡ ಅಂದ್ರೆ ಇದನ್ನೇ ತಗೊಳ್ಳೋಣ."

ಬೇಡವೆನ್ನಲು ಬಾಯಿ ತೆರೆದವರು ಯಾಕೋ ಹೋದರು. ಹತ್ತುವುದೇ ಬೇಕಾಗಲಿಲ್ಲ. ಬೆನ್ನು ತಿರುಗಿಸಿ ನಿಂತರೆ ಸೀಟು ಸೊಂಟದ ಸಮಕ್ಕೇ ಇತ್ತು. ಕೂತು ಕಾಲು ಒಳಗೆಳೆದುಕೊಂಡರು, ಅಷ್ಟೆ. ಮುಂದೆ ನೋಡಿದರೆ ಗಾಜಿನಾಚೆ ಬಿ.ಎಚ್. ರಸ್ತೆ, ಮೂವತ್ತೊಂದು ವರ್ಷ ಕಂಡಷ್ಟೇ ಎತ್ತರದಿಂದ. ಅವರಿಗೆ ಕಣ್ಣು ತುಂಬಿ ಬಂತು. ಹಾಜರಾ ಇದ್ದಿದ್ದರೆ ಪಕ್ಕದಲ್ಲಿ ಕೂತು, ಮೆಲ್ಲಗೆ ಓಡಿಸಿ ಎನ್ನುತ್ತಿದ್ದಳು.

"ಡಿಕ್ಕಿ?" ಎಂದರು, ಸೋಲೊಪ್ಪದ ದನಿಯಲ್ಲಿ.

"ಇದೆ ಅಬ್ಬಾ, ಸೀಟಿನ ಹಿಂದೇನೇ ಇದೆ."

ಸಾಬರು ಇಳಿಯಲು ತಲೆ ಬಗ್ಗಿಸಿದರು. ನೆತ್ತಿಗೆ ಮೆತ್ತಗೆ ಏನೋ ತಾಗಿತು. ಕತ್ತೆತ್ತಿದರೆ, ಬಾಗಿಲಿನ ಮೇಲಂಚಿನ ಕೆಳಗೆ ಮಗಳ ಅಂಗೈ.

"ಯಾರು ಹೇಳಿಕೊಟ್ರು ನಿನಗೆ?"

"ಯಾರೂ ಇಲ್ಲ. ನಿಮ್ಮ ಹಿಂದಿನ ಸೀಟಲ್ಲಿ ಕೂತು ಬೆಳೆದವಳಲ್ವಾ ನಾನು."

ಸಾಬರು ಆ ಕೈ ಹಿಡಿದುಕೊಂಡೇ ಇಳಿದರು. ಮಂಜುಶ್ರೀ ಯಾವುದನ್ನು ಬರೆದುಕೊಳ್ಳಲಿ ಎಂದು ಕೇಳಿದಾಗ, ಮಗಳಿಗಿಂತ ಮೊದಲು ತಾವೇ ಹೇಳಿದರು.

"ಈ ಕಾರೇ ಬರ್ಕೊಳಮ್ಮ."